ಮೂಗಿಗಿಂತ ಭಾರವಾದ ಮೂಗುತಿ

1905ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯವು ಬಿಲ್ ರೀಡ್ ಎಂಬ ಇಪ್ಪತ್ತಾರರ ತರುಣನನ್ನು ತನ್ನ ಫುಟ್‌ಬಾಲ್ ತಂಡದ ತರಬೇತುದಾರನನ್ನಾಗಿ ಕರೆತಂದು ಅವನಿಗೆ 7,000 ಡಾಲರ್ ಗೊತ್ತುಮಾಡಿತು. ಗ್ರೀಕ್ ವ್ಯಾಕರಣದಲ್ಲಿ ತಲೆಗೂದಲು ನೆರೆಸಿಕೊಂಡ ಯಾವ ಪ್ರಾಧ್ಯಾಪಕನಿಗೂ ಅಲ್ಲಿ ಅಷ್ಟು ಸಂಬಳವಿರಲಿಲ್ಲ. 1869ರಿಂದ ವಿಶ್ವವಿದ್ಯಾಲಯದ ಅಧ್ಯಕ್ಷಪೀಠದಲ್ಲಿದ್ದ ಚಾರ್ಲ್ಸ್ ಎಲಿಯಟ್ಟರಿಗೇ ಅದಕ್ಕಿಂತ ತುಸು ಹೆಚ್ಚು ಸಿಗುತ್ತಿತ್ತು, ಅಷ್ಟೆ. ಎಲಿಯಟ್ಟರು ತಮ್ಮ ವರದಿಗಳಲ್ಲಿ ಈ ಆಟವನ್ನು ಖಂಡಿಸುತ್ತಲೇ ಬಂದಿದ್ದರು. ವರದಿಯೂ ಅಚ್ಚಾಗುತ್ತಿತ್ತು, ಪಂದ್ಯದ ಟಿಕೆಟ್ಟೂ ಅಚ್ಚಾಗುತ್ತಿತ್ತು. ಖರ್ಚಾಗುತ್ತಿದ್ದುದು ಯಾವುದೆಂದು ಹೇಳಬೇಕಾಗಿಲ್ಲ.

ಈ ಅಮೆರಿಕನ್ ಫುಟ್‌ಬಾಲನ್ನು ಕಾಲ್ಚೆಂಡಾಟ ಎಂದು ಭಾಷಾಂತರಿಸಿಕೊಂಡವರು ಮೋಸಹೋಗುತ್ತಾರೆ. ಚೆಂಡು ಕಂಕುಳಲ್ಲಿರುತ್ತಿತ್ತು, ಕಾಲು ಎದುರಾಳಿಯ ಪಕ್ಕೆಯ ಮೇಲಿರುತ್ತಿತ್ತು. ಮೂರು ಯತ್ನಗಳಲ್ಲಿ ಐದು ಗಜ ಮುಂದೆ ಸಾಗಬೇಕು, ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ ಎಂಬ ನಿಯಮಗಳಿದ್ದುದರಿಂದ, ಹನ್ನೊಂದು ಮಂದಿ ಒಬ್ಬರನ್ನೊಬ್ಬರು ತಬ್ಬಿಕೊಂಡು ಎದುರಿನ ಹನ್ನೊಂದು ಮಂದಿಯ ಮೇಲೆ ಗೋಡೆಯಂತೆ ಕುಸಿಯುವುದೇ ಜಾಣತನವೆನಿಸಿತ್ತು. ತಲೆಗೆ ಚರ್ಮದ ಟೊಪ್ಪಿಗೆ ಹಾಕಿಕೊಳ್ಳುವುದು ಅವರವರ ಇಷ್ಟ.

ಅದೇ ಸೆಪ್ಟೆಂಬರಿನಲ್ಲಿ ರಷ್ಯಾ ಮತ್ತು ಜಪಾನುಗಳ ಯುದ್ಧವನ್ನು ಸಂಧಾನದಿಂದ ನಿಲ್ಲಿಸಿದ್ದ ಅಧ್ಯಕ್ಷ ಥಿಯೊಡೊರ್ ರೂಸ್‌ವೆಲ್ಟರು ಆ ಉತ್ಸಾಹದಲ್ಲೇ ಇನ್ನೂ ಕಠಿಣವಾದ ಕೆಲಸಕ್ಕೆ ಕೈಹಾಕಿ, ಅಕ್ಟೋಬರ್ 9ರಂದು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಆರು ಮಂದಿಯನ್ನು ಶ್ವೇತಭವನಕ್ಕೆ ಊಟಕ್ಕೆ ಕರೆದರು. ಉಂಡವರು ಹಿಂತಿರುಗುವ ರೈಲಿನಲ್ಲಿ ಒಂದು ಪ್ರತಿಜ್ಞೆ ಬರೆದರು: ಆಟದ ನಿಯಮಗಳನ್ನು ಅಕ್ಷರದಲ್ಲೂ ಆಶಯದಲ್ಲೂ ಪಾಲಿಸುತ್ತೇವೆ. ಬರೆದವರು ಯೇಲಿನ ವಾಲ್ಟರ್ ಕ್ಯಾಂಪ್. ಆ ನಿಯಮಗಳ ಬಹುಭಾಗವನ್ನು ರೂಪಿಸಿದವರೂ ಅವರೇ.

ಪ್ರತಿಜ್ಞೆಯ ಶಾಯಿ ಆರುವ ಹೊತ್ತಿಗೆ ಪೆನ್ಸಿಲ್ವೇನಿಯಾ ವಿರುದ್ಧದ ಪಂದ್ಯದಲ್ಲಿ ಹಾರ್ವರ್ಡಿನ ಸೆಂಟರ್ ಆಟಗಾರ ಎದುರಾಳಿಗೆ ಗುದ್ದಿ ಮೈದಾನದಿಂದ ಹೊರಬಿದ್ದ. ವಿವರಣೆ ಕೊಡಲು ರೀಡ್ ವಾಷಿಂಗ್ಟನ್ನಿಗೆ ಓಡಬೇಕಾಯಿತು. ಹಾರ್ವರ್ಡಿನ ಪರವಾಗಿ ಯೇಲಿನ ಮೊದಲ ವರ್ಷದ ಹುಡುಗರ ವಿರುದ್ಧ ಆಡಿದ ರೂಸ್‌ವೆಲ್ಟರ ಸ್ವಂತ ಮಗನ ಮೂಗು ಮುರಿಯಿತು. ಕೊನೆಗೆ ನವೆಂಬರ್ 25ರಂದು ಹಾರ್ವರ್ಡಿನ ಕಾಂಕ್ರೀಟ್ ಕ್ರೀಡಾಂಗಣದಲ್ಲಿ ಕಿಕ್ಕಿರಿದ ಜನರೆದುರು ಫ್ರಾನ್ಸಿಸ್ ಬರ್ ಎಂಬ ಹಾರ್ವರ್ಡ್ ಆಟಗಾರ, ತನ್ನನ್ನು ಮುಟ್ಟಬಾರದೆಂಬ ಸಂಜ್ಞೆ ಮಾಡಿ ಚೆಂಡಿಗಾಗಿ ಮುಖವೆತ್ತಿ ನಿಂತಿದ್ದಾಗ ಯೇಲಿನವರು ಮುಗಿಬಿದ್ದು ಅವನ ಮೂಗನ್ನೂ ಒಡೆದರು. ಮುಖವೆಲ್ಲ ರಕ್ತವಾದರೂ ಅಂಪೈರ್ ಪಾಲ್ ಡ್ಯಾಶಿಯೆಲ್ಲರಿಗೆ ತಪ್ಪೇನೂ ಕಾಣಲಿಲ್ಲ. ಅವರು ನಿಯಮ ಸಮಿತಿಯ ಸದಸ್ಯರೂ ಆಗಿದ್ದರೆಂಬುದನ್ನು ನೆನೆದರೆ ಆಶ್ಚರ್ಯವೇನೂ ಆಗುವುದಿಲ್ಲ. ಯೇಲ್ 6-0ರಿಂದ ಗೆದ್ದಿತು. 7,000 ಡಾಲರಿಗೆ ದಕ್ಕಿದ್ದು ಒಂದು ಸೊನ್ನೆ ಮತ್ತು ಒಂದು ಮೂಗು.

ಅದೇ ದಿನ ನ್ಯೂಯಾರ್ಕಿನಲ್ಲಿ ಯೂನಿಯನ್ ಕಾಲೇಜಿನ ಹುಡುಗನೊಬ್ಬ ಆಟದಲ್ಲೇ ಪೆಟ್ಟು ತಿಂದು ಸತ್ತ. ಇಲ್ಲಿ ನಗೆಯಾಡಲು ನನಗೆ ಮನಸ್ಸು ಬಾರದು.

ಆಮೇಲೆ ಸುಧಾರಣೆಯ ಗಾಳಿ ಬೀಸಿತು. ಕೊಲಂಬಿಯಾ ಆಟವನ್ನೇ ಕೈಬಿಟ್ಟಿತು. ಉಳಿದವರು ಸಭೆ ಸೇರಿದರು. ಮೈದಾನವನ್ನು 40 ಅಡಿ ಅಗಲಿಸಿದರೆ ಗುಂಪು ಚದುರುತ್ತದೆಂಬುದು ಕ್ಯಾಂಪರ ಸಲಹೆ. ಆದರೆ ಹಾರ್ವರ್ಡಿನ ಕ್ರೀಡಾಂಗಣ 1903ರಲ್ಲಷ್ಟೇ ಎದ್ದು ನಿಂತಿತ್ತು. ಮೂಗುಗಳನ್ನು ಮುರಿಯಬಹುದು, ಹೊಸ ಕಾಂಕ್ರೀಟನ್ನು ಮುರಿಯುವುದುಂಟೇ? ಗೋಡೆ ಕದಲುವುದಿಲ್ಲವೆಂದು ಖಚಿತವಾದ ಮೇಲೆ ಸಮಿತಿಯು 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿಸಿತು. ಆ ನವೆಂಬರಿನಲ್ಲಿ ಹಾರ್ವರ್ಡ್ ಮತ್ತೆ ಯೇಲ್ ವಿರುದ್ಧ ಆಡಿ ಮತ್ತೆ 6-0ರಿಂದಲೇ ಸೋತಿತು; ಯೇಲಿಗೆ ಆ ಆರು ಅಂಕಗಳ ದಾರಿ ತೆರೆದದ್ದು ಮುಂದಕ್ಕೆಸೆದ ಒಂದು ಚೆಂಡು.