ಕಣ್ಣಳತೆಗೆ ಬಗ್ಗದ ಸೋಪು

ನಮ್ಮ ಅಡುಗೆಮನೆಗಳು ನಡೆಯುವುದೇ ‘ಒಂದಿಷ್ಟು’, ‘ಚೂರು’, ‘ಸಾಕು ಅನ್ನಿಸುವಷ್ಟು’ ಎಂಬ ಅಳತೆಗಳ ಮೇಲೆ. ಮನೆಯಲ್ಲಿ ಮಾಡುವ ಸೋಪು ಕೆಡುವುದೂ ಅಲ್ಲಿಂದಲೇ.

500 ಗ್ರಾಂ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 91.5 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಚರ್ಮ ಉರಿಯದಿರಲೆಂದು 5 ಪರ್ಸೆಂಟ್ ಕಡಿಮೆ ಮಾಡಿ 87 ಗ್ರಾಂ ಹಾಕುವುದು ರೂಢಿ. ಇಷ್ಟನ್ನೆಲ್ಲ ಓದಿಕೊಂಡವರು ಕೂಡ ಎಣ್ಣೆಯನ್ನು ಮಾತ್ರ 500 ಮಿಲಿ ಅಳೆದು ಸುರಿಯುತ್ತಾರೆ. ಅದರ ತೂಕ ಸುಮಾರು 460 ಗ್ರಾಂ ಅಷ್ಟೇ. ಅದಕ್ಕೆ 84 ಗ್ರಾಂ ಸೋಡಾ ಸಾಕಿತ್ತು. ಉಳಿದ 3 ಗ್ರಾಂ ಸೋಪಿನೊಳಗೇ ಕೂತು, ಮೈಗೆ ಹಚ್ಚುವವರ ದಾರಿ ಕಾಯುತ್ತದೆ. ಕೊಬ್ಬರಿ ಎಣ್ಣೆಯ ಲೆಕ್ಕವನ್ನೇ ಕಡಲೆಕಾಯಿ ಎಣ್ಣೆಗೂ ಹಚ್ಚಿದರಂತೂ ಮುಗಿಯಿತು: ಅದರ 500 ಗ್ರಾಂಗೆ ಬೇಕಾದದ್ದು ಸುಮಾರು 68 ಗ್ರಾಂ. ಆ ಸೋಪಿನಲ್ಲಿ ಸ್ನಾನದ ಮಾತು ಬಿಡಿ, ಕಟ್ಟಿಕೊಂಡ ಸಿಂಕನ್ನು ಬೇಕಾದರೆ ಬಿಡಿಸಬಹುದು.

ಸೋಡಾಗಳಲ್ಲೂ ಗೊಂದಲವಿದೆ. ಅಡುಗೆ ಸೋಡಾ ಹಾಕಿ ಗಂಟೆಗಟ್ಟಲೆ ಕಡೆದರೂ ಸಿಗುವುದು ಬಿಳಿ ಪುಡಿ ಬೆರೆತ ಎಣ್ಣೆ ಮತ್ತು ಕೈನೋವು. ಬಟ್ಟೆ ಸೋಡಾದಿಂದಲೂ ಈ ಕೆಲಸ ಆಗದು. ಕಾಸ್ಟಿಕ್ಕೇ ಬೇಕು, ಅದನ್ನೇ ನೀರಿಗೆ ಹಾಕಬೇಕು. ಅದರ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಡಬ್ಬಿ ಮುಚ್ಚಳವನ್ನೂ ತೆಗೆಯಬೇಡಿ. ಅಲ್ಯೂಮಿನಿಯಂ ಪಾತ್ರೆ ಮಾತ್ರ ಬೇಡವೇ ಬೇಡ: ಸೋಡಾ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ, ಅಜ್ಜಿ ಕಾಲದ ಬೋಗುಣಿ ತೂತಾಗುತ್ತದೆ. ಸ್ಟೀಲ್ ಪಾತ್ರೆ ಸಾಕು.

ಡಿಸೆಂಬರಿನ ಚಳಿಯಲ್ಲಿ ಇನ್ನೊಂದು ಮೋಸ. ಮಿಶ್ರಣ ಬೇಗ ಗಟ್ಟಿಯಾಯಿತೆಂದು ಖುಷಿಯಿಂದ ಅಚ್ಚಿಗೆ ಸುರಿದರೆ, ಬೆಳಿಗ್ಗೆ ಮೇಲೆ ಎಣ್ಣೆ, ಕೆಳಗೆ ಸೋಡಾ ನೀರು. ಸೋಪು ಆಗಿರಲೇ ಇಲ್ಲ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟಿತ್ತು, ಅಷ್ಟೇ. ಎಣ್ಣೆ, ಸೋಡಾ ನೀರು ಎರಡೂ 40 ಡಿಗ್ರಿ ಆಸುಪಾಸಿನಲ್ಲಿರುವಾಗ ಬೆರೆಸಿದರೆ ಈ ನಾಟಕವಿಲ್ಲ. ಲವಂಗದ ಎಣ್ಣೆಯ ಕಥೆ ಉಲ್ಟಾ. ಅದು ಬಿದ್ದ ಕ್ಷಣದಲ್ಲೇ ಎಲ್ಲ ಬಿಗಿದುಕೊಂಡು ಸೌಟು ನೆಟ್ಟಗೆ ನಿಲ್ಲುತ್ತದೆ.

ಅಲಂಕಾರಪ್ರಿಯರಿಗೆ ಒಂದು ಮಾತು. ಹಳದಿ ಸೋಪು ಬೇಕೆಂದು ಅರಿಸಿನ ಹಾಕಿದರೆ ಕ್ಷಾರ ತಗುಲಿ ಕೆಂಪೇರುತ್ತದೆ. ಓಕುಳಿ ಕಲಸಿದವರಿಗೆ ಇದು ಹೊಸದೇನಲ್ಲ. ಗುಲಾಬಿ ಎಸಳು ಕಂದಾಗಿ, ಏನೋ ಸತ್ತು ಅಂಟಿಕೊಂಡಂತೆ ಕಾಣುತ್ತದೆ. ಸೋಪಿನ ಮೇಲೆ ಮೂಡುವ ಬಿಳಿ ಪುಡಿಗೆ ಹೆದರಬೇಕಿಲ್ಲ, ಉಜ್ಜಿದರೆ ಹೋಗುತ್ತದೆ.

ಎರಡು ದಿನ ಬಿಟ್ಟು ಒದ್ದೆ ಬೆರಳನ್ನು ಸೋಪಿಗೆ ಉಜ್ಜಿ ನಾಲಿಗೆಯ ತುದಿಗೆ ಮುಟ್ಟಿಸಿ. ಚುರ್ ಅಂದರೆ ಸೋಡಾ ಉಳಿದಿದೆ. ಎಸೆಯಬೇಡಿ. ಮೇಲಿನ 500 ಮಿಲಿ ಪ್ರಕರಣವಾದರೆ ಕಡಿಮೆಬಿದ್ದ 40 ಗ್ರಾಂ ಎಣ್ಣೆಯನ್ನೂ ಎರಡು-ಮೂರು ಚಮಚ ನೀರನ್ನೂ ಸೇರಿಸಿ. ತುರಿದ ಸೋಪನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು, ಮುದ್ದೆಯಾಗಿ ಅರೆಪಾರದರ್ಶಕ ಆಗುವವರೆಗೆ ನಿಧಾನ ಕಾಯಿಸಿ, ಅಚ್ಚಿಗೆ ಒತ್ತಿ, ನಾಲ್ಕು ವಾರ ಗಾಳಿಗಿಡಿ. ನುಣುಪು ಬರುವುದಿಲ್ಲ, ಉಬ್ಬುತಗ್ಗು ಉಳಿಯುತ್ತದೆ. ಅದಕ್ಕೆ ‘ಹ್ಯಾಂಡ್‌ಮೇಡ್’ ಅಂತ ಚೀಟಿ ಅಂಟಿಸಿದರೆ ಯಾರೂ ಕಾರಣ ಕೇಳುವುದಿಲ್ಲ.