ಸೂಜಿ ಹಿಡಿಯುವವರನ್ನೂ ಕೇಳಿ

ನಿಮ್ಮ ಲೇಖನದಲ್ಲಿ, ಸರ್ಕಾರ ಮತ್ತು ಜೈವಿಕ ಸುರಕ್ಷತಾ (ರೋಗಾಣುಗಳಿಂದ ಜನರನ್ನು ಕಾಪಾಡುವ) ತಜ್ಞರ ಸಂಘಗಳು ಕೈಜೋಡಿಸಿದರೆ ಕೆಲಸದ ಜಾಗದಲ್ಲಿ ಸೋಂಕಿನ ಭಯ ತಗ್ಗುತ್ತದೆ ಅಂತ ಬರೆದಿದ್ದೀರಿ. ನಿಜ. ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಓಷಾ 2002ರಲ್ಲಿ ಶುರು ಮಾಡಿದ ಅಲಯನ್ಸ್ (ಸಹಕಾರ ಒಪ್ಪಂದ) ಕಾರ್ಯಕ್ರಮ ಇಂಥದ್ದೇ. ಸಂಘಗಳ ಜೊತೆ ಸೇರಿ ತರಬೇತಿ, ಮಾಹಿತಿ ಕೊಡುತ್ತಾರೆ.

ಆದರೆ ಬರೀ ಒಪ್ಪಂದ ಸಾಲದು. ಲ್ಯಾಬಿನಲ್ಲಿದ್ದಾಗ ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋಗಿ ಹೆಬ್ಬೆರಳಿಗೆ ಚುಚ್ಚಿಕೊಂಡಿದ್ದೆ. ಗ್ಲೌಸ್ ಒಳಗೆ ಸಣ್ಣ ಕೆಂಪು ಚುಕ್ಕೆ, ಅಷ್ಟೇ. ಆಮೇಲೆ ರಕ್ತಪರೀಕ್ಷೆಯ ರಿಪೋರ್ಟ್‌ಗಾಗಿ ಕಾದ ತಿಂಗಳುಗಳಲ್ಲಿ ನೆಟ್ಟಗೆ ನಿದ್ದೆ ಬರಲಿಲ್ಲ. ಸೂಜಿ ಹಾಕುವ ಡಬ್ಬ ಕೋಣೆಯ ಇನ್ನೊಂದು ಮೂಲೆಯಲ್ಲಿತ್ತು. ಅದನ್ನು ಎಲ್ಲಿಡಬೇಕು ಅಂತ ನಮ್ಮನ್ನು ಯಾರೂ ಕೇಳಿರಲಿಲ್ಲ.

ಅದಕ್ಕೇ ಅಮೆರಿಕ 2000ದಲ್ಲಿ ತಂದ ಸೂಜಿಗಾಯ ತಡೆ ಕಾಯ್ದೆ ನನಗೆ ಜಾಸ್ತಿ ಇಷ್ಟ. ಸುರಕ್ಷಿತ ಸೂಜಿ ಆರಿಸುವಾಗ ರೋಗಿಗಳನ್ನು ನೋಡಿಕೊಳ್ಳುವ ಸಿಬ್ಬಂದಿಯ ಅಭಿಪ್ರಾಯ ಕೇಳಲೇಬೇಕು, ಕೇಳಿದ್ದನ್ನು ಬರೆದಿಡಬೇಕು ಅನ್ನುತ್ತದೆ ಅದು. ರಕ್ತದಿಂದ ಹರಡುವ ಯಕೃತ್ತಿನ ಸೋಂಕಾದ ಹೆಪಟೈಟಿಸ್ ಬಿ ತಡೆಯುವ ಲಸಿಕೆಯನ್ನು ಇಂಥ ಸಿಬ್ಬಂದಿಗೆ ಪುಕ್ಕಟೆ ಕೊಡಬೇಕು ಅನ್ನುವ ನಿಯಮ ಅಲ್ಲಿ 1991ರಲ್ಲೇ ಬಂದಿತ್ತು.

ಸಂಘದ ಸಭೆಗಳಿಗೆ ನರ್ಸ್‌ಗಳನ್ನೂ ಕಸ ಎತ್ತುವವರನ್ನೂ ಕರೆಯಬಹುದಲ್ವಾ? ಚೀಲದಿಂದ ಹೊರಗೆ ಚಾಚಿದ ಸೂಜಿ ಮೊದಲು ಚುಚ್ಚುವುದು ಅವರಿಗೇ.