ಮೊದಲು ನಿಲ್ಸು, ಆಮೇಲೆ ಕೇಳು

ಬೆಳಗ್ಗೆಯಿಂದ ಮೈ ಉರೀತಾ ಇದೆ. ಮನೆಯವರ ಮೇಲೆ ಆಗಲೇ ಒಂದು ಸುತ್ತು ಹರಿಹಾಯ್ದಾಯ್ತು. ಉಳಿದದ್ದು ನಿಮಗೆ.

ಅಮ್ಮನ ಜಮೀನಿನ ಪಹಣಿಯಲ್ಲಿ ಒಂದು ಅಕ್ಷರ ತಪ್ಪಾಗಿದೆ, ಅದನ್ನು ಸರಿ ಮಾಡಿಸೋಕೆ ನಿನ್ನೆ ಹಾಸನದಿಂದ ಊರ ಕಡೆ ಹೋಗಿದ್ದೆ. (ಯಾವ ಕಚೇರಿ ಅಂತ ಕೇಳಬೇಡಿ. ಆ ಅಕ್ಷರ ಇನ್ನೂ ಸರಿಯಾಗಬೇಕು.) ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅಜ್ಜಿ. ಕೈಯಲ್ಲಿ ಜವಳಿ ಅಂಗಡಿ ಕವರು, ಅದರೊಳಗೆ ಇನ್ನೊಂದು ಕವರು, ಅದರೊಳಗೆ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು, ಬಿಪಿ ಮಾತ್ರೆಯ ಚೀಟಿ. ತಿರುಗಿ ನೋಡಿ "ಮೇಷ್ಟ್ರ ಮಗ ಅಲ್ವೇನಪ್ಪಾ ನೀನು?" ಅಂದರು. ನನಗೆ ಗುರುತು ಸಿಗಲಿಲ್ಲ. ಅಪ್ಪನ ಶಾಲೆ ಹತ್ತಿರದ ತೋಟದ ಲೈನ್ ಮನೆಯವರಂತೆ. ಮೂವತ್ತು ಚಿಲ್ಲರೆ ವರ್ಷ ಕಾಫಿ ಹಣ್ಣು ಕುಯ್ದ ಕೈ.

ಅವರಿಗೆ ಸಂಧ್ಯಾ ಸುರಕ್ಷಾ, ಅಂದರೆ ಬಡ ವೃದ್ಧರಿಗೆ ರಾಜ್ಯ ಸರ್ಕಾರ ತಿಂಗಳು ತಿಂಗಳು ಕೊಡೋ ಪಿಂಚಣಿಯ ದುಡ್ಡು, ನಾಲ್ಕು ತಿಂಗಳಿಂದ ಬಂದಿಲ್ಲ. ಕೌಂಟರ್‌ನಲ್ಲಿದ್ದ ಹುಡುಗ ಕಂಪ್ಯೂಟರ್ ನೋಡಿ ಹೇಳಿದ: "ಅಜ್ಜಿ, ನಿಮ್ ಕಾರ್ಡು ಎಪಿಎಲ್ ಆಗಿದೆ. ಕಾರ್ಡಲ್ಲಿರೋ ನಿಮ್ ಮಗ ಐಟಿ ಅಂತ ತೋರಿಸ್ತಿದೆ. ಪಿಂಚಣಿ ಪರಿಶೀಲನೆಗೆ ನಿಲ್ಸಿದಾರೆ."

"ಇಲ್ಲ ಸ್ವಾಮಿ, ಅವ್ನು ಐಟಿಲಿಲ್ಲ. ಬೆಂಗ್ಳೂರಲ್ಲಿ ಕಾರು ಓಡಿಸ್ತಾನೆ."

ಸಾಲಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಕ್ಕ ಮೇಲೆ ಅಜ್ಜಿಯ ಮುಖ ನೋಡಿದೆ.

ಆಮೇಲೆ ಗೊತ್ತಾಗಿದ್ದು ಇಷ್ಟು. ಕಾರಿನ ಸಾಲ ಸಿಗಲಿ ಅಂತ ಏಜೆಂಟ್ ಮಾತು ಕೇಳಿ ಮಗ ಐಟಿ, ಅಂದರೆ ಆದಾಯ ತೆರಿಗೆ, ರಿಟರ್ನ್ ಹಾಕಿದ್ದಾನೆ. ತೆರಿಗೆ ಒಂದು ರೂಪಾಯಿ ಕಟ್ಟಿದ್ದಾನೋ ಇಲ್ಲವೋ. ಅವನು ಊರಿಗೆ ಬಂದು ಎರಡು ದೀಪಾವಳಿ ಆಯ್ತು. ದುಡ್ಡು ಕಳಿಸೋ ಮಾತು ಬಿಡಿ, ಫೋನೇ ಅಪರೂಪ. ಆದರೆ ಕಂಪ್ಯೂಟರ್ ಲೆಕ್ಕದಲ್ಲಿ ಈ ಅಜ್ಜಿ ಸಾಹುಕಾರ್ತಿ.

ನನ್ನ ತಕರಾರು ಒಂದೇ. ಪರಿಶೀಲನೆ ಮಾಡಿ, ಯಾರು ಬೇಡ ಅಂದರು? ಆದರೆ ನಿಲ್ಲಿಸೋಕೆ ಮುಂಚೆ ಕೇಳಬೇಕಲ್ವಾ? ಒಂದು ನೋಟಿಸ್ ಇಲ್ಲ, ಒಂದು ಫೋನ್ ಇಲ್ಲ. ನಾಲ್ಕು ತಿಂಗಳು ಬ್ಯಾಂಕಿಗೆ ಹೋಗಿ, ಎಂಟ್ರಿ ಹಾಕಿಸಿ, ಬರಿಗೈಲಿ ಬಂದು, ಅವರೇ ಹುಡುಕಿಕೊಂಡು ಬರಬೇಕಾಯ್ತು. ಶಕ್ತಿ ಯೋಜನೆ ಬಸ್ಸು ಫ್ರೀ ಇರೋದರಿಂದ ಅಷ್ಟಾದರೂ ಓಡಾಡಿದ್ದಾರೆ. ನಿಂತ ತಿಂಗಳುಗಳ ದುಡ್ಡು ಬರುತ್ತಾ ಅಂದರೆ ಹುಡುಗ ಭುಜ ಹಾರಿಸಿದ. ಅವನನ್ನು ಬೈದು ಪ್ರಯೋಜನ ಇಲ್ಲ, ಅವನೂ ಗುತ್ತಿಗೆಯವನು.

ಈಗ ನನ್ನ ಮನೆ ವಿಷಯ. ಅಪ್ಪ ಹೋದ ಮೇಲೆ ಅಮ್ಮನಿಗೆ ಕುಟುಂಬ ಪಿಂಚಣಿ ಬರುತ್ತೆ. ವರ್ಷಕ್ಕೆ ಎರಡು ಸಲ ಡಿಎ (ತುಟ್ಟಿಭತ್ಯೆ) ತಾನಾಗೇ ಏರುತ್ತೆ. ಬದುಕಿದ್ದೀನಿ ಅಂತ ತೋರಿಸೋದಕ್ಕೆ ಅಮ್ಮ ಸೋಫಾ ಬಿಟ್ಟು ಏಳಬೇಕಿಲ್ಲ, ನಾನೇ ಮೊಬೈಲ್ ಹಿಡಿದು ಮುಖ ತೋರಿಸಿದರೆ ಮುಗೀತು. ಅಮ್ಮನ ಮಗ, ಅಂದರೆ ನಾನು, ಹದಿನೈದು ವರ್ಷದಿಂದ ಐಟಿ ಕಟ್ತಾ ಇದ್ದೀನಿ. ಅದನ್ನು ನೋಡಿ ಅಮ್ಮನ ಪಿಂಚಣಿ ಯಾರಾದರೂ ನಿಲ್ಲಿಸಿದರಾ? ಅಪ್ಪ ದುಡಿದದ್ದರ ಹಕ್ಕು ಅದು, ಸರಿ. ಹಾಗಾದರೆ ಅಜ್ಜಿ ಮೂವತ್ತು ವರ್ಷ ತೋಟದಲ್ಲಿ ಮಾಡಿದ್ದೇನು, ಪಿಕ್‌ನಿಕ್ಕಾ? ನಿಜ ಹೇಳಿಬಿಡ್ತೀನಿ, ಅಮ್ಮನ ಪಿಂಚಣಿ ಅರ್ಧ ಮಗಳ ಕೋಚಿಂಗ್ ಫೀಸಿಗೆ ಹೋಗುತ್ತೆ. 2023ರಲ್ಲಿ ಗೃಹಲಕ್ಷ್ಮಿ ಶುರುವಾದಾಗ 'ಬಿಟ್ಟಿ ಭಾಗ್ಯ' ಅಂತ ಇದೇ ಗೋಡೆ ಮೇಲೆ ಬರೆದವನು ನಾನೇ. ಹುಡುಕಿ ಸ್ಕ್ರೀನ್‌ಶಾಟ್ ಹಾಕಬೇಡಿ, ಒಪ್ಪಿಕೊಂಡಿದ್ದೀನಿ.

ಇನ್ನು ಆದಾಯದ ಮಿತಿ ಅನ್ನೋ ತಮಾಷೆ. ಬಿಪಿಎಲ್ ಕಾರ್ಡಿಗೆ ವರ್ಷಕ್ಕೆ 1.20 ಲಕ್ಷ. ಈ ಪಿಂಚಣಿಗೆ 32,000. ಒಂದೇ ಸರ್ಕಾರ, ಒಂದು ಕಿಟಕಿಯಲ್ಲಿ ಬಡವಿ, ಪಕ್ಕದ ಕಿಟಕಿಯಲ್ಲಿ ಅಲ್ಲ. 32,000 ಅಂದರೆ ದಿನಕ್ಕೆ 88 ರೂಪಾಯಿ. ಹಾಸನದಲ್ಲಿ ಅಷ್ಟಕ್ಕೆ ಒಂದು ಮಸಾಲೆ ದೋಸೆ, ಒಂದು ಕಾಫಿ. ಸುಳ್ಳು ಆದಾಯ ಪ್ರಮಾಣಪತ್ರ ತರ್ತಾರೆ ಅಂತ ಗೊಣಗ್ತೀವಲ್ಲ, ನಿಜ ಬರೆದು ಈ ಮಿತಿಯೊಳಗೆ ಬದುಕಿರೋದು ಹೇಗೆ ಅಂತ ಯಾರಾದರೂ ತೋರಿಸಿ.

ಮೊತ್ತದ ವಿಷಯಕ್ಕೆ ಬಂದರೆ ಇನ್ನೂ ಸಿಟ್ಟು. 2007ರಲ್ಲಿ ಶುರುವಾದ ಯೋಜನೆ. 2021ರಲ್ಲಿ 1,000 ಇದ್ದದ್ದು 1,200 ಆಯ್ತು, ಅಲ್ಲೇ ನಿಂತಿದೆ. ಆಮೇಲೆ ಕಾಫಿ ರೇಟು ಯಾವ ಪರಿ ಏರಿತು ಅಂತ ತೋಟ ಇರೋ ಗೆಳೆಯರಿಗೆ ನಾನು ಹೇಳಬೇಕಿಲ್ಲ. ಕೇಂದ್ರದವರು ಸಾಚಾ ಅಂತಲೂ ಅಲ್ಲ. ಅವರ ವೃದ್ಧಾಪ್ಯ ವೇತನದಲ್ಲಿ ಎಂಬತ್ತು ದಾಟದವರಿಗೆ ಕೇಂದ್ರದ ಪಾಲು 2007ರಲ್ಲೂ 200 ರೂಪಾಯಿ, ಈಗಲೂ 200. ಪಿಎಫ್ ಕಟ್ಟಿದವರಿಗೆ ಕನಿಷ್ಠ ಪಿಂಚಣಿ 1,000 ಅಂತ 2014ರಲ್ಲಿ ಮಾಡಿದರು, ಅದೂ ಹಾಗೇ ಇದೆ. ಏರಿದ್ದು ಯಾರದ್ದು ಅಂದರೆ ಮಾಜಿ ಶಾಸಕರದ್ದು. 2025ರ ಮಾರ್ಚ್‌ನಲ್ಲಿ 50,000ದಿಂದ 75,000. ಅಲ್ಲಿ ಯಾರೂ ಪರಿಶೀಲನೆಗೆ ನಿಲ್ಲಿಸಲಿಲ್ಲ ನೋಡಿ.

ಈಗ ಒಬ್ಬರು ಬಂದೇ ಬರ್ತಾರೆ. "ಸಾರ್, ಅನರ್ಹರು ಎಷ್ಟು ಜನ ತಗೋತಿದಾರೆ ಗೊತ್ತಾ?" ಗೊತ್ತು. ನಮ್ಮೂರಲ್ಲೇ ಟ್ರ್ಯಾಕ್ಟರ್ ಇರೋ ಯಜಮಾನರೊಬ್ಬರು ತಗೋತಾರೆ, ಮದುವೆ ಮನೇಲಿ ಸಿಕ್ಕರೆ ನಾನೂ ನಮಸ್ಕಾರ ಹೊಡೀತೀನಿ. ಅವರನ್ನು ಹಿಡೀರಿ. ಆದರೆ ಅಂಥವರಿಗೆ ಕಚೇರಿಯಲ್ಲಿ ಗುರುತಿರುತ್ತೆ, ಒಂದೇ ವಾರದಲ್ಲಿ ಸರಿ ಮಾಡಿಸ್ಕೋತಾರೆ. ಬಲೆಗೆ ಬಿದ್ದು ಒದ್ದಾಡೋದು ಇಂಥ ಅಜ್ಜಿಯಂಥವರೇ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡು ರದ್ದು ಮಾಡಿ, ಗಲಾಟೆ ಆದ ಮೇಲೆ ವಾಪಸ್ ಕೊಟ್ಟಿದ್ದು ಮರೆತುಹೋಯ್ತಾ? ಅಲ್ಲೂ ಇದೇ ಆಟ. ಮೊದಲು ನಿಲ್ಸು, ಆಮೇಲೆ ಕೇಳು.

"ಮಗನ ಮೇಲೆ ಎಸಿ (ಉಪವಿಭಾಗಾಧಿಕಾರಿ) ಕೋರ್ಟಿಗೆ ಹೋಗಲಿ, ಹೆತ್ತವರನ್ನು ಮಕ್ಕಳು ನೋಡ್ಕೋಬೇಕು ಅನ್ನೋ ಕಾನೂನು ಇದೆ" ಅನ್ನೋ ಬುದ್ಧಿವಂತರೂ ಇದ್ದಾರೆ. ಇದೆ, 2007ರಲ್ಲೇ ಮಾಡಿದ ಕಾಯ್ದೆ. ನಿಮ್ಮ ತಾಯಿ ಹೋಗ್ತಾರಾ?

ಮಾಡಬೇಕಾದ್ದು ದೊಡ್ಡ ವಿಷಯವೂ ಅಲ್ಲ. ಅನುಮಾನ ಬಂದರೆ ಪಂಚಾಯ್ತಿಯಲ್ಲಿ ಹೆಸರು ಓದಿ, ಮನೆಗೆ ಯಾರನ್ನಾದರೂ ಕಳಿಸಿ, ವಿಚಾರಣೆ ಮುಗಿಯೋವರೆಗೆ ದುಡ್ಡು ಹಾಕ್ತಾ ಇರಿ. ತಪ್ಪು ನಿಮ್ಮದಾದರೆ ಬಾಕಿ ಸಮೇತ ಕೊಡಿ. ಮಗನ ಜೇಬು ನೋಡೋ ಬದಲು ಅಜ್ಜಿಯ ಪಾಸ್‌ಬುಕ್ ನೋಡಿ. ನಮ್ಮಮ್ಮನಿಗೆ ಏರೋ ಡಿಎ ಲೆಕ್ಕದಲ್ಲೇ ಆ 1,200ನ್ನೂ ಏರಿಸಿ.

ಕೊನೆಗೆ ಹುಡುಗ ಒಂದು ದಾರಿ ಹೇಳಿದ. ರೇಷನ್ ಕಾರ್ಡಿಂದ ಮಗನ ಹೆಸರು ತೆಗೆಸಿ, ಎಲ್ಲ ಸರಿಹೋಗುತ್ತೆ. ನಾನೇ ಫಾರಂ ತಂದು ಬೆಂಚಿನ ಮೇಲೆ ಕೂತು ತುಂಬಿಸೋಕೆ ಶುರು ಮಾಡಿದೆ. ಅಜ್ಜಿ ಪೆನ್ ಹಿಡಿದ ನನ್ನ ಕೈ ತಡೆದರು.

"ಬ್ಯಾಡ ಕಣಪ್ಪಾ. ಹೆಸ್ರು ತೆಗ್ಸಿದ್ರೆ ಅವ್ನು ಮನೆ ಮಗ ಅಲ್ಲ ಅಂದಂಗಾಗ್ತದೆ. ನಾಳೆ ಬಂದ್ರೆ ಏನಂತ ಹೇಳ್ಲಿ?"

ಎಷ್ಟು ಹೇಳಿದರೂ ಕೇಳಲಿಲ್ಲ. ಮೂರೂವರೆ ಬಸ್ಸಿಗೆ ಹೋದರು. ಅರ್ಧ ತುಂಬಿದ ಫಾರಂ ನನ್ನ ಬ್ಯಾಗಲ್ಲೇ ಇದೆ. ಮಗನ ಹೆಸರು ತೆಗೆಸದೆ ಪಿಂಚಣಿ ವಾಪಸ್ ಬರೋ ದಾರಿ ಗೊತ್ತಿರೋರು ಫೋನ್ ಮಾಡಿ. ಸೋಮವಾರ ಹೆಂಗೂ ಪಹಣಿಗೆ ಮತ್ತೆ ಹೋಗ್ತಿದ್ದೀನಿ.